ಅಗ್ಗದ ಕ್ಯಾಲಿಬ್ರೇಶನ್ ಕಿಟ್ ಅನ್ನು ಎಲ್ಲಿಯವರೆಗೆ ನಂಬಬಹುದು?

ಕಾರವಾರದಲ್ಲಿ ಮೀನುಗಾರಿಕೆ ಬೋಟುಗಳ ವಿಎಚ್‌ಎಫ್ ವೈರ್‌ಲೆಸ್, ಎಐಎಸ್ (ಬೋಟಿನ ಗುರುತು, ಜಾಗ ಸುತ್ತಲಿನವರಿಗೆ ತಿಳಿಸುವ ಸೆಟ್), ಜಿಪಿಎಸ್ ಸೆಟ್‌ಗಳ ರಿಪೇರಿ ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಆಂಟೆನಾ, ಕೇಬಲ್, ಕನೆಕ್ಟರ್ ಎಲ್ಲ ಆಗಲೇ ನೋಡಿ ಮುಗಿಸಬೇಕು. ಆಗಸ್ಟ್‌ನಲ್ಲಿ ಬೋಟು ಹೊರಟ ಮೇಲೆ ಅಪಾಯದ ಕರೆಗೆ ಇಟ್ಟ 16ನೇ ಚಾನೆಲ್ ಕೇಳಿಸದಿದ್ದರೆ ತಾಂಡೇಲರು (ಬೋಟು ನಡೆಸುವವರು) ಕಡಲ ಮಧ್ಯದಲ್ಲಿ ಯಾರನ್ನು ಕರೆಯಬೇಕು? ಹಾಗಾಗಿ ಮೀಟರ್ ತೋರಿಸುವ ಅಂಕಿ ನನಗೆ ಸಣ್ಣ ವಿಷಯ ಅಲ್ಲ.

ಈಗ ಆಂಟೆನಾ, ಕೇಬಲ್ ಅಳೆಯುವ ನ್ಯಾನೊವಿಎನ್‌ಎ ಅನ್ನುವ ಪುಟ್ಟ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಜೊತೆಗೆ ಓಪನ್ (ತುದಿ ತೆರೆದದ್ದು), ಶಾರ್ಟ್ (ತುದಿ ಕೂಡಿಸಿದ್ದು), ಲೋಡ್ (50 ಓಮ್ ರೆಸಿಸ್ಟರ್ ಇರುವುದು) ಅಂತ ಎಸ್‌ಎಂಎ ಅನ್ನುವ ಸಣ್ಣ ತಿರುಪಿನ ಕನೆಕ್ಟರ್‌ನ ಮೂರು ಪುಟ್ಟ ತುಂಡುಗಳು ಬರುತ್ತವೆ. ಇದೇ ಕ್ಯಾಲಿಬ್ರೇಶನ್ ಕಿಟ್; ಅಳೆಯುವ ಮೊದಲು ಇವನ್ನು ಹಾಕಿ ಮೀಟರ್ ಹೊಂದಿಸುತ್ತೇವೆ. ದೊಡ್ಡ ಲ್ಯಾಬ್‌ಗಳು ಬಳಸುವ ಕಿಟ್‌ಗೆ ಲಕ್ಷಗಳಲ್ಲಿ ಬೆಲೆ. ಈ ಪುಟ್ಟ ತುಂಡುಗಳನ್ನು ನಂಬಬಹುದಾ ಅಂತ ನಮ್ಮ ಕಸುಬಿನವರು ಆಗಾಗ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಫ್ರೀಕ್ವೆನ್ಸಿಯಲ್ಲಿ, ಎಷ್ಟು ಡಿಬಿ (ಡೆಸಿಬೆಲ್) ರಿಟರ್ನ್ ಲಾಸ್ ಅಳೆಯಬೇಕು? ರಿಟರ್ನ್ ಲಾಸ್ ಅಂದರೆ ಕಳಿಸಿದ ಸಿಗ್ನಲ್‌ಗಿಂತ ವಾಪಸ್ ಬಂದದ್ದು ಎಷ್ಟು ಕಡಿಮೆ ಅನ್ನುವ ಲೆಕ್ಕ; ಅಂಕಿ ದೊಡ್ಡದಾದಷ್ಟೂ ವಾಪಸ್ ಬಂದದ್ದು ಕಡಿಮೆ.

ನಮ್ಮ ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಒಂದು ದಿನ ಖುಷಿಯಿಂದ ಹೇಳಿದ: "ಅಣ್ಣ, ಕ್ಯಾಲಿಬ್ರೇಶನ್ ಮುಗಿಸಿ ಅದೇ ಲೋಡ್ ಹಾಕಿ ನೋಡಿದೆ. 60 ಡಿಬಿ ಬಂತು. ಕಿಟ್ ಚೆನ್ನಾಗೇ ಇದೆ ಅಲ್ವಾ?"

"ಇಲ್ಲ ಮಾರಾಯ, ಅದರಿಂದ ಕಿಟ್ ಬಗ್ಗೆ ಏನೂ ಗೊತ್ತಾಗೋದಿಲ್ಲ" ಅಂದೆ.

ಕ್ಯಾಲಿಬ್ರೇಶನ್ ಮಾಡುವಾಗ ನಾವು ಮೀಟರ್‌ಗೆ "ಇದು ಸರಿಯಾಗಿ 50 ಓಮ್" ಅಂತ ಹೇಳಿಕೊಡುತ್ತೇವೆ. ಅದು ನಂಬುತ್ತದೆ. ಮತ್ತೆ ಅದೇ ತುಂಡು ಹಾಕಿದರೆ "ಹೌದು, 50 ಓಮ್" ಅನ್ನುತ್ತದೆ. ಒಳಗೆ 52 ಓಮ್ ಇದ್ದರೂ ಉತ್ತರ ಅದೇ. 950 ಗ್ರಾಂ ತೂಗುವ ಕಲ್ಲನ್ನು ಒಂದು ಕಿಲೋ ಅಂತ ಇಟ್ಟು ತಕ್ಕಡಿ ಹೊಂದಿಸಿದರೆ, ಅದೇ ಕಲ್ಲಿಗೆ ತಕ್ಕಡಿ ಯಾವತ್ತೂ ಒಂದು ಕಿಲೋ ಅಂತಲೇ ತೋರಿಸುತ್ತದೆ. ಆ 60 ಡಿಬಿಯಿಂದ ಗೊತ್ತಾಗುವುದು ಒಂದೇ: ಕನೆಕ್ಟರ್ ಬಿಚ್ಚಿ ಹಾಕಿದರೂ ಅಳತೆ ಬದಲಾಗಲಿಲ್ಲ. ಅದೂ ಬೇಕಾದ್ದೇ. ಆದರೆ ನಿಖರತೆ ಬೇರೆ ಮಾತು.

ಮೂರು ತುಂಡುಗಳಲ್ಲಿ ನಾನು ಮೊದಲು ಅನುಮಾನಿಸುವುದು ಲೋಡ್ ಅನ್ನು. ಕ್ಯಾಲಿಬ್ರೇಶನ್ ಆದ ಮೇಲೂ ಉಳಿಯುವ ಡೈರೆಕ್ಟಿವಿಟಿ ತಪ್ಪು (ವಾಪಸ್ ಏನೂ ಬರದಿದ್ದರೂ ಬಂದಂತೆ ಮೀಟರ್‌ಗೆ ಕಾಣುವುದು) ಹೆಚ್ಚುಕಡಿಮೆ ಲೋಡ್‌ನ ತಪ್ಪೇ. ಮಲ್ಟಿಮೀಟರ್ ಹಿಡಿದು ಅದರ ಓಮ್ ನೋಡಿ. ಮೊದಲು ಮೀಟರ್‌ನ ಎರಡು ಲೀಡ್ ಕೂಡಿಸಿ, ಅಲ್ಲಿ ಬರುವ ಸೊನ್ನೆ ಪಾಯಿಂಟ್ ಚಿಲ್ಲರೆ ಓಮ್ ಕಳೆಯಿರಿ. ನಾಲ್ಕು ತಂತಿಯ ಅಳತೆ ಇದ್ದರೆ ಇನ್ನೂ ಒಳ್ಳೆಯದು. 50.5 ಓಮ್ ಇದ್ದರೆ ಆ ಲೋಡ್‌ನ ರಿಟರ್ನ್ ಲಾಸ್ 46 ಡಿಬಿ. 51 ಇದ್ದರೆ 40 ಡಿಬಿ. 52 ಇದ್ದರೆ 34 ಡಿಬಿ. ಡಿಸಿಯಲ್ಲಿ ಸರಿ ಇದ್ದ ಮಾತ್ರಕ್ಕೆ ಗಿಗಾಹರ್ಟ್ಜ್‌ನಲ್ಲೂ ಸರಿ ಇರುತ್ತದೆ ಅನ್ನುವಂತಿಲ್ಲ. ಆದರೆ ಡಿಸಿಯಲ್ಲೇ ತಪ್ಪಿದ್ದು ಮೇಲೆ ಹೋಗಿ ತಾನಾಗಿ ಸರಿಯಾಗುವುದೂ ಇಲ್ಲ.

52 ಓಮ್ ಲೋಡ್‌ನಿಂದ ನನ್ನ ಕೆಲಸಕ್ಕೆ ಎಷ್ಟು ಪೆಟ್ಟು? ಬೋಟಿನ ಆಂಟೆನಾ 16ನೇ ಚಾನೆಲ್‌ನ 156.8 ಮೆಗಾಹರ್ಟ್ಜ್‌ನಲ್ಲಿ 1.5 ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದುತ್ತದೆ ಅನ್ನುವ ಅಂಕಿ, 1 ಇದ್ದರೆ ಪೂರ್ತಿ ಹೊಂದಿಕೆ) ಇದೆ ಅನ್ನಿ. ಅಂದರೆ ರಿಫ್ಲೆಕ್ಷನ್ (ವಾಪಸ್ ಬರುವ ಪಾಲು) 0.2, ರಿಟರ್ನ್ ಲಾಸ್ 14 ಡಿಬಿ. ಲೋಡ್‌ನ ತಪ್ಪು 0.02. ಅದು ಕೂಡಿದರೂ ಕಳೆದರೂ ಮೀಟರ್ 1.44ರಿಂದ 1.56ರ ಒಳಗೆ ತೋರಿಸುತ್ತದೆ. ಆಂಟೆನಾ ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಅನ್ನುವ ತೀರ್ಮಾನ ಇದರಿಂದ ಬದಲಾಗುವುದಿಲ್ಲ. ಅದೇ ಕಿಟ್ ಹಿಡಿದು 30 ಡಿಬಿಯ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಅಳೆಯಲು ಹೋಗಿ. ಅಲ್ಲಿ ರಿಫ್ಲೆಕ್ಷನ್ 0.032 ಮಾತ್ರ. ಅದಕ್ಕೆ 0.02 ತಪ್ಪು ಸೇರಿದರೆ ಮೀಟರ್ ಸುಮಾರು 26 ಡಿಬಿಯಿಂದ 39 ಡಿಬಿ ತನಕ ಏನು ಬೇಕಾದರೂ ತೋರಿಸಬಹುದು. ಆ ಅಂಕಿಯನ್ನು ಬಿಲ್ ಮೇಲೆ ಬರೆದುಕೊಡಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಕ್ಯಾಲಿಬ್ರೇಶನ್‌ನಲ್ಲಿ ಬಳಸದ ವಸ್ತು ಬೇಕು, ಅದರ ಉತ್ತರ ನಮಗೆ ಮೊದಲೇ ಗೊತ್ತಿರಬೇಕು. ನನಗೆ ತುಂಬಾ ಇಷ್ಟವಾದದ್ದು 10 ಡಿಬಿ ಅಟೆನ್ಯುಯೇಟರ್, ಅಂದರೆ ಸಿಗ್ನಲ್ ಅನ್ನು 10 ಡಿಬಿ ಇಳಿಸುವ ತುಂಡು. ಅದರ ಇನ್ನೊಂದು ತುದಿಯನ್ನು ತೆರೆದಿಟ್ಟರೆ ಸಿಗ್ನಲ್ ಹೋಗುವಾಗ 10, ಬರುವಾಗ 10, ಒಟ್ಟು 20 ಡಿಬಿ ರಿಟರ್ನ್ ಲಾಸ್ ಬರಬೇಕು. ತುದಿಗೆ ಶಾರ್ಟ್ ಹಾಕಿದರೂ 20 ಡಿಬಿಯೇ ಬರಬೇಕು, ಫೇಸ್ (ಅಲೆಯ ಕೋನ) ಮಾತ್ರ ತಿರುಗುತ್ತದೆ. ಒಂದರಲ್ಲಿ 18.4, ಇನ್ನೊಂದರಲ್ಲಿ 21.9 ಬಂದರೆ 0.02ರಷ್ಟು ತಪ್ಪು ಎಲ್ಲೋ ಕೂತಿದೆ, ಒಂದು ಸಲ ಕೂಡುತ್ತಿದೆ, ಇನ್ನೊಂದು ಸಲ ಕಳೆಯುತ್ತಿದೆ. ಅದು ಅಟೆನ್ಯುಯೇಟರ್‌ನದ್ದೇ ತಪ್ಪೂ ಇರಬಹುದು. ಅದಕ್ಕೇ ಅಟೆನ್ಯುಯೇಟರ್ ಅನ್ನು ತಿರುಗಿಸಿ ಹಾಕಿ, ಬೇರೆ ಇನ್ನೊಂದನ್ನೂ ಹಾಕಿ ನೋಡುತ್ತೇನೆ. ಎಲ್ಲದರಲ್ಲೂ ಒಂದೇ ಥರದ ತಪ್ಪು ಬಂದರೆ ಕಿಟ್ ಮೇಲೇ ಅನುಮಾನ.

ಟಿ ಕನೆಕ್ಟರ್‌ಗೆ ಎರಡು ಲೋಡ್ ಹಾಕಿದರೆ 25 ಓಮ್. ಎಸ್‌ಡಬ್ಲ್ಯುಆರ್ 2, ರಿಟರ್ನ್ ಲಾಸ್ 9.5 ಡಿಬಿ ಬರಬೇಕು. ವಿಎಚ್‌ಎಫ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಗಿಗಾಹರ್ಟ್ಜ್‌ನಲ್ಲಿ ಟಿಯ ಕೈಗಳ ಉದ್ದವೇ ಲೆಕ್ಕ ಕೆಡಿಸುತ್ತದೆ.

ಎರಡು ಲೋಡ್ ಕೊಂಡು, ಒಂದರಿಂದ ಕ್ಯಾಲಿಬ್ರೇಟ್ ಮಾಡಿ ಇನ್ನೊಂದನ್ನು ಅಳೆಯುವವರೂ ಇದ್ದಾರೆ. ಒಳ್ಳೆಯ ಅಭ್ಯಾಸ. ಆದರೆ ಎರಡೂ ಒಂದೇ ತಯಾರಿಯ ಒಂದೇ ಲಾಟ್‌ನವಾದರೆ ತಪ್ಪೂ ಒಂದೇ ಇರಬಹುದು. ಆಗ 50 ಡಿಬಿ ಕಂಡು ಸುಮ್ನೆ ಖುಷಿಪಡುತ್ತೇವೆ. ಬೇರೆ ಬೇರೆ ಕಡೆಯಿಂದ ತಂದಿದ್ದರೆ ಮಾತ್ರ ಆ ಹೋಲಿಕೆಗೆ ಬೆಲೆ.

ಓಪನ್ ಮತ್ತು ಶಾರ್ಟ್‌ನಲ್ಲಿ ನೋಡಬೇಕಾದದ್ದು ಉದ್ದ. ನಿಜವಾದ ಶಾರ್ಟ್ ಇರುವ ಜಾಗ ಮೀಟರ್ ಅಂದುಕೊಂಡದ್ದಕ್ಕಿಂತ 3 ಮಿಲಿಮೀಟರ್ ಮುಂದಿದ್ದರೆ, ಹೋಗಿಬರುವ ದಾರಿಯಲ್ಲಿ ಸುಮಾರು 20 ಪಿಕೋಸೆಕೆಂಡ್ ವ್ಯತ್ಯಾಸ. 156.8 ಮೆಗಾಹರ್ಟ್ಜ್‌ನಲ್ಲಿ ಅದು 1 ಡಿಗ್ರಿ ಚಿಲ್ಲರೆ. ಜಿಪಿಎಸ್‌ನ 1575.42 ಮೆಗಾಹರ್ಟ್ಜ್‌ನಲ್ಲಿ 11 ಡಿಗ್ರಿ ದಾಟುತ್ತದೆ. ಓಪನ್, ಶಾರ್ಟ್ ಎರಡೂ ಒಂದೇ ಅಳತೆಯಷ್ಟು ತಪ್ಪಿದ್ದರೆ ಫೇಸ್ ಮಾತ್ರ ಸರಿಯುತ್ತದೆ, ಎಸ್‌ಡಬ್ಲ್ಯುಆರ್ ಕೆಡುವುದಿಲ್ಲ. ಒಂದೊಂದು ಒಂದೊಂದು ಥರ ಇದ್ದರೆ ಫೇಸ್, ಎಸ್‌ಡಬ್ಲ್ಯುಆರ್ ಎರಡೂ ಕೆಡುತ್ತವೆ. ಓಪನ್‌ನ ತುದಿಯಲ್ಲಿ ಸ್ವಲ್ಪ ಕೆಪಾಸಿಟನ್ಸ್ ಯಾವಾಗಲೂ ಇರುತ್ತದೆ. ಒಳ್ಳೆಯ ಕಿಟ್‌ನವರು ಉದ್ದ, ಕೆಪಾಸಿಟನ್ಸ್‌ನ ಅಂಕಿಗಳನ್ನು ಜೊತೆಗೇ ಬರೆದು ಕೊಡುತ್ತಾರೆ. ಅಗ್ಗದ ಕಿಟ್ ಕೊಳ್ಳುವಾಗ ನಾನು ಮೊದಲು ಕೇಳುವುದು ಆ ಅಂಕಿಗಳನ್ನೇ. ಫಳಫಳ ಹೊಳೆಯುವ ಡಬ್ಬಿಗಿಂತ ಆ ಒಂದು ಹಾಳೆ ಹೆಚ್ಚು.

ಮೀಟರ್‌ನ ಮಿತಿಯನ್ನು ಕಿಟ್ ಮೇಲೆ ಹೊರಿಸಬಾರದು. ನ್ಯಾನೊವಿಎನ್‌ಎಯ ಮೊದಲ ಮಾದರಿ 300 ಮೆಗಾಹರ್ಟ್ಜ್ ದಾಟಿದ ಮೇಲೆ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಪಟ್ಟಿನಲ್ಲಿ ಬರುವ ಸಿಗ್ನಲ್) ಹಿಡಿದು ಅಳೆಯುತ್ತದೆ, ಡೈನಾಮಿಕ್ ರೇಂಜ್ (ಸಣ್ಣ ಸಿಗ್ನಲ್ ಗುರುತಿಸುವ ಶಕ್ತಿ) ಇಳಿಯುತ್ತದೆ. ಪರದೆಯ ಗೆರೆ ನಡುಗುತ್ತಿದ್ದರೆ ಅದು ಹೆಚ್ಚಾಗಿ ಮೀಟರ್‌ನ ನಾಯ್ಸ್. ಕಿಟ್‌ನ ತಪ್ಪು ನಡುಗುವುದಿಲ್ಲ, ಪ್ರತಿ ಸಲ ಒಂದೇ ಥರ ಬರುತ್ತದೆ.

ನಮ್ಮ ಊರಿನ ಉಪ್ಪುಗಾಳಿ ಬೇರೆ. ಇವತ್ತು ಪಾಸಾದ ಲೋಡ್ ಮುಂದಿನ ಮಳೆಗಾಲಕ್ಕೆ ಹಾಗೇ ಇರುತ್ತದೆ ಅನ್ನಲಾಗದು. ಕನೆಕ್ಟರ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇವೆ. ಹಾಕುವಾಗ ನಟ್ ಮಾತ್ರ ತಿರುಗಿಸಬೇಕು, ತುಂಡನ್ನೇ ತಿರುಗಿಸಿದರೆ ಒಳಗಿನ ಪಿನ್ ಸವೆಯುತ್ತದೆ. ಹುಡುಗನಿಗೆ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಈಗ ನಮ್ಮ ಕಿಟ್‌ನ ಡಬ್ಬಿ ಮೇಲೆ ಒಂದು ಚೀಟಿ ಇದೆ: ಲೋಡ್‌ನ ಓಮ್, ಪರೀಕ್ಷೆ ಮಾಡಿದ ತಾರೀಕು, "ವಿಎಚ್‌ಎಫ್‌ನಲ್ಲಿ 20 ಡಿಬಿ ತನಕ ನಂಬಬಹುದು". ಅದಕ್ಕಿಂತ ಜಾಸ್ತಿ ಬೇಕಾದ ಕೆಲಸ ಬಂದರೆ ಗಿರಾಕಿಗೆ ಮೊದಲೇ ಹೇಳುತ್ತೇವೆ. ಒಂದು ಒಳ್ಳೆಯ ಲೋಡ್ ಅನ್ನು ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರೀಕ್ಷಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿ ಅಳತೆ ಮಾಡಿಸಬೇಕು ಅಂತ ಮಾಲೀಕರ ಹತ್ತಿರ ಮಾತಾಡಿದ್ದೇನೆ. ಪೂರಾ ಕಿಟ್ ಕೊಳ್ಳುವುದಕ್ಕಿಂತ ಖರ್ಚು ಕಡಿಮೆ. ಅದನ್ನು ದಿನದ ಕೆಲಸಕ್ಕೆ ಬಳಸುವುದಿಲ್ಲ, ಉಳಿದ ಲೋಡ್‌ಗಳನ್ನು ಹೋಲಿಸಿ ನೋಡಲು ಮಾತ್ರ ತೆಗೆಯುತ್ತೇವೆ.