ಟಿಚ್ ಬಟನ್ ತಂದ ಫಜೀತಿ

ನಮ್ಮ ಮನೆಯವರ ಅಂಗಿಗಳಿಗೆಲ್ಲ ನಾನೇ ಟಿಚ್ ಬಟನ್ ಹಚ್ಚಿದ್ದೆ. ಮೂರು ವರ್ಷದ ಹಿಂದೆ ಅಕ್ಕಿ ಗಿರಣಿಯಲ್ಲಿ ಒಟ್ಟಿದ್ದ ಭತ್ತದ ಚೀಲಗಳು ಜಾರಿ ಅವರ ಬಲಭುಜದ ಮೇಲೆ ಬಿದ್ದವು. ಒಂದೊಂದು ಚೀಲ 75 ಕೆಜಿ. ಮೂಳೆ ಕೂಡಿತು, ನರ ಕೂಡಲಿಲ್ಲ. ಕೈ ಇದೆ, ಹೇಳಿದ ಮಾತು ಕೇಳೋದಿಲ್ಲ ಅಷ್ಟೇ. ನಾನು ಮನೆಯಲ್ಲೇ ಹೊಲಿಗೆ ಮಾಡೋಳು. ಗುಂಡಿ ಕಿತ್ತು ಟಿಚ್ ಬಟನ್ ಹಚ್ಚೋದು ನನಗೇನು ದೊಡ್ಡ ಕೆಲಸ? ಎಡಗೈ ಹೆಬ್ಬೆರಳಿಂದ ಟಕ್ ಅಂತ ಒತ್ತಿದರೆ ಮುಗೀತು. ಅದೇ ನಮಗೆ ಮುಳುವಾಯ್ತು.

ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರ ನಮ್ಮ ಹಳ್ಳಿ. ಹಮಾಲಿ ಮಾಡೋರಿಗೆ ಬಲಗೈ ಹೋದರೆ ಏನುಳೀತು? ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ ಅರ್ಜಿ ಹಾಕಿದೆವು, ಆಸ್ಪತ್ರೆಯವರು ತಪಾಸಣೆಗೆ ಕರೆದರು. ಯಾವ ಆಸ್ಪತ್ರೆ ಅಂತ ಬರೆಯೋದಿಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ವಾ. ಅವತ್ತು ಬಾಗಿಲ ಹೊರಗೆ ಜಾತ್ರೆಯಷ್ಟು ಜನ. ನನ್ನನ್ನು ಒಳಗೆ ಬಿಡಲಿಲ್ಲ. ಐದು ನಿಮಿಷಕ್ಕೇ ಹೊರಗೆ ಬಂದರು. ಏನು ಕೇಳಿದರು ಅಂದರೆ, "ಏನಿಲ್ಲ, ಅಂಗಿ ಹಾಕ್ಕೋತೀರಾ, ಊಟ ಮಾಡ್ತೀರಾ ಅಂದ್ರು. ಮಾಡ್ತೀನ್ರಿ ಸರ ಅಂದೆ" ಅಂದರು. ಅದರಲ್ಲಿ ಒಂಥರಾ ಹೆಮ್ಮೆ ಬೇರೆ.

ಸರ್ಟಿಫಿಕೇಟಲ್ಲಿ ವೈಕಲ್ಯ 36 ಪರ್ಸೆಂಟ್ ಅಂತ ಬಂತು. ಮಾಸಾಶನಕ್ಕೆ ಕನಿಷ್ಠ 40 ಬೇಕು. 40ರಿಂದ 75ರೊಳಗಿದ್ದರೆ ತಿಂಗಳಿಗೆ 800 ರೂಪಾಯಿ. ನಾಡಕಚೇರಿಯಲ್ಲಿ ಅರ್ಜಿ ಹಾಕಿಯೂ ನೋಡಿದೆವು, ತಿರಸ್ಕಾರ ಆಯ್ತು. ಕೌಂಟರ್ ಮುಂದೆ ನಾನು ಒಂದು ಗಂಟೆ ಜಗಳ ಆಡಿದೆ. ಅದು ದಂಡ ಅಂತ ಆಮೇಲೆ ತಿಳೀತು.

ತಿಳಿಸಿದವರು ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ವಿಕಲಚೇತನರಿಗೆ ನೆರವಾಗೋ ಪುನರ್ವಸತಿ ಕಾರ್ಯಕರ್ತರು. ಅವರದೂ ಪೋಲಿಯೋ ಕಾಲು. "ಅಕ್ಕಾ, ನಾಡಕಚೇರಿಯವರು ಕಾಗದ ನೋಡ್ತಾರ, ಕೈ ನೋಡಲ್ಲ. ಕಾಗದಾನ ಬದಲಾಗ್ಬೇಕು" ಅಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂನಲ್ಲಿ ಸರ್ಟಿಫಿಕೇಟಿನ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶ ಇದೆಯಂತೆ. ಎಲ್ಲಿ ಕೊಡಬೇಕೋ ಅಲ್ಲಿಗೆ ಅವರೇ ಬರೆಸಿದರು. ಸ್ವೀಕೃತಿ ಚೀಟಿ ಇಸ್ಕೊಳ್ಳದೆ ಎದ್ದು ಬರಬೇಡಿ ಅಂತ ಎರಡೆರಡು ಸಲ ಹೇಳಿದರು.

ಅದಕ್ಕಿಂತ ದೊಡ್ಡ ಉಪಕಾರ ಅಂದರೆ ತಪಾಸಣೆ ಹೇಗೆ ಮಾಡ್ತಾರೆ ಅಂತ ಬಿಡಿಸಿ ಹೇಳಿದ್ದು. ಕೀಲು ಎಷ್ಟು ಬಾಗುತ್ತೆ, ಬಲ ಎಷ್ಟಿದೆ ಅಂತ ನೋಡೋದು ಒಂದು. ಇನ್ನೊಂದು, ಕೈಯಿಂದ ಮಾಡೋ ಹತ್ತು ಕೆಲಸ. ತಲೆ ಮೇಲಿನ ವಸ್ತು ಇಳಿಸೋದು, ಮೂಗು ಮುಟ್ಟೋದು, ಕೈಯಲ್ಲಿ ಊಟ ಮಾಡೋದು, ತಲೆ ಬಾಚೋದು, ಅಂಗಿ ತೊಡೋದು, ಗುಂಡಿ ಹಾಕೋದು, ಲಾಡಿ ಕಟ್ಟೋದು, ಬರೆಯೋದು, ಹೀಗೆ. ಮಾಡೋಕಾಗದ ಒಂದೊಂದಕ್ಕೆ 9 ಪರ್ಸೆಂಟ್, ಒಟ್ಟು 90. ಕೊನೆಗೆ ಎಲ್ಲಾ ಸೇರಿಸೋದಕ್ಕೆ ಬೇರೆ ಸೂತ್ರ ಇದೆ. ನನ್ನ ತಲೆಯಲ್ಲಿ ಮಾತ್ರ ಒಂದೇ ಓಡ್ತಿತ್ತು. ಅವತ್ತು ಆ ಡಾಕ್ಟರ ಮುಂದೆ ಇವರು ಟಕ್ ಟಕ್ ಅಂತ ಅಂಗಿ ಹಾಕಿಕೊಂಡಿರ್ತಾರೆ. ಎಡಗೈಯಲ್ಲಿ. ನಾನು ಹಚ್ಚಿಕೊಟ್ಟ ಟಿಚ್ ಬಟನ್.

ಆ ವಾರ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಅವರಿಗೆ ನಾನು ಏನೇನು ಮಾಡಿಕೊಡ್ತೀನಿ ಅಂತ ಬರೆಯುತ್ತಾ ಹೋದೆ. ಬ್ರಷ್ಷಿಗೆ ಪೇಸ್ಟ್ ಹಚ್ಚೋದು. ಜೋಳದ ರೊಟ್ಟಿ ಮುರಿದು ತಾಟಿಗೆ ಹಾಕೋದು. ಎರಡು ಪುಟ ತುಂಬಿತು. ನನಗೇ ಗೊತ್ತಿರಲಿಲ್ಲ ಇಷ್ಟು ಅಂತ. ಅವರು ಓದಿ, "ಇದನ್ನ ಮಂದಿ ಮುಂದ ಓದ್ತಿಯೇನು?" ಅಂತ ಕೇಳಿದರು. ನಾನು ಸುಮ್ನಿದ್ದೆ.

ಮರುತಪಾಸಣೆ ದಿನ ಹಳೇ ಅಂಗಿ ತೆಗೆದೆ. ಗವಿಮಠದ ಜಾತ್ರೆಗೆ ಅಂತ ಹೊಲಿದದ್ದು, ಮಾಮೂಲಿ ಗುಂಡಿಯದು, ಅದೊಂದೇ ಉಳಿದಿತ್ತು. "ನಾಟಕ ಮಾಡ್ಬೇಕಾ?" ಅಂದರು. "ಎಲ್ಲಾರ ಅಂಗಿಗೂ ಹಿಂತಾ ಗುಂಡಿನೇ ಇರ್ತಾವ್ರಿ. ನಾಟಕ ಇಷ್ಟು ದಿನ ನಾವು ಮಾಡಿದ್ದು" ಅಂದೆ. ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್, ಅವರಿಗೆ ಪೂರ್ತಿ ಚಾರ್ಜು. ಗಟ್ಟಿ ಕೈ ಇರೋಳಿಗೆ ಫ್ರೀ, ನೋಡ್ರಿ.

ಈ ಸಲ ನನ್ನನ್ನೂ ಒಳಗೆ ಕರೆದರು. ಡಾಕ್ಟರ್ ಮೇಡಂ ಅವಸರ ಮಾಡಲಿಲ್ಲ. "ಗುಂಡಿ ಹಾಕ್ಕೊಳ್ರಿ" ಅಂದು ಕಾಯುತ್ತಾ ಕೂತರು. ಬಲಗೈ ಹೊಟ್ಟೆಯವರೆಗೂ ಬಂತು. ಬೆರಳು ಗುಂಡಿ ಮುಟ್ಟಿತು, ಕಾಜದ ಹತ್ತಿರ ಹೋಗಿ ಜಾರಿತು. ಮತ್ತೆ ಜಾರಿತು. ಹಣೆ ಮೇಲೆ ಬೆವರು. ಎದ್ದು ಹೋಗಿ ಹಾಕಿಬಿಡೋಣ ಅನ್ನಿಸಿತು. ನನ್ನ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತೆ.

"ಊಟ?"

"ಮಾಡ್ತೀನ್ರಿ ಮೇಡಂ."

"ಎಡಗೈಲಿ ಚಮಚ ಹಿಡೀತಾರ್ರಿ. ರೊಟ್ಟಿ ನಾ ಮುರ್ಕೊಡ್ತೀನಿ" ಅಂದೆ.

"ಲಾಡಿ ಯಾರು ಕಟ್ತಾರೆ?"

ಅವರು ಗೋಡೆ ಕಡೆ ನೋಡಿದರು. ಕೋಣೆಯಲ್ಲಿ ಇಬ್ಬರು ಹುಡುಗಿಯರು, ನರ್ಸಿಂಗ್ ಕಲಿಯೋರು ಇರಬೇಕು, ನಿಂತಿದ್ದರು. "ನಾನ್ರಿ" ಅಂದೆ. ಆ ಎರಡಕ್ಷರ ಹೇಳೋದಕ್ಕೆ ಆದಷ್ಟು ಕಷ್ಟ ನನಗೆ ಅರ್ಜಿ, ಜೆರಾಕ್ಸ್, ಓಡಾಟ ಯಾವುದರಲ್ಲೂ ಆಗಿರಲಿಲ್ಲ. ನೋಟ್‌ಬುಕ್ ಚೀಲದಿಂದ ಹೊರಗೇ ತೆಗೆಯಲಿಲ್ಲ.

ಬರುವಾಗ ಗಂಗಾವತಿವರೆಗೂ ಮಾತಿಲ್ಲ. ಬಸ್ ಸ್ಟ್ಯಾಂಡಲ್ಲಿ ಮಿರ್ಚಿ ಒಗ್ಗರಣೆ ತಗೊಂಡೆವು. ಅವರು ಎಡಗೈಯಿಂದ ತಿಂದರು. ಅರ್ಧ ಮಿರ್ಚಿ ನನ್ನ ಕಡೆ ಸರಿಸಿದರು. ಅದನ್ನೇ ಮಾತು ಅಂದುಕೊಂಡೆ.

ಒಂದೂವರೆ ತಿಂಗಳಿಗೆ ಹೊಸ ಸರ್ಟಿಫಿಕೇಟ್ ಬಂತು. 52. ನಾಡಕಚೇರಿಯಲ್ಲಿ ಮತ್ತೆ ಅರ್ಜಿ ಹಾಕಿದ್ದೇವೆ. ಈ ಸಲ ಜಗಳ ಇಲ್ಲ, ರಸೀದಿ ಇಸ್ಕೊಂಡು ಬಂದೆ. ದುಡ್ಡು ಇನ್ನೂ ಬಂದಿಲ್ಲ.

ಮೊನ್ನೆ ಅವರು ಆ ಜಾತ್ರೆ ಅಂಗಿ ತಂದು ಮಷಿನ್ ಮೇಲೆ ಇಟ್ಟು, "ಇದಕ್ಕೂ ಟಿಚ್ ಬಟನ್ ಹಚ್ಚಿಬಿಡು" ಅಂದರು. ಇನ್ನೂ ಹಚ್ಚಿಲ್ಲ. ಸರ್ಟಿಫಿಕೇಟಿನ ಕೆಳಗೆ 5 ವರ್ಷಕ್ಕೆ ಮಾತ್ರ ಅಂತ ಬರೆದಿದೆ. ಮತ್ತೆ ಕರೀತಾರೆ.