ಓಡಿಸಿದವರಿಗೇ ಗೊತ್ತು: ಮ್ಯಾನ್‌ಹೈಮ್‌ನಿಂದ ನ್ಯೂರ್‌ಬರ್ಗ್‌ರಿಂಗ್‌ಗೆ

ಕಾರಿನ ಹುಚ್ಚು ಇರುವವರು ಜರ್ಮನಿಗೆ ಹೋದರೆ ಹೆಚ್ಚಾಗಿ ಸ್ಟುಟ್‌ಗಾರ್ಟ್‌ಗೆ ಹೋಗುತ್ತಾರೆ. ಮರ್ಸಿಡಿಸ್ ಬೆಂಜ್ ಮ್ಯೂಸಿಯಂ ಅಲ್ಲಿದೆ, ಪೋರ್ಷೆ ಮ್ಯೂಸಿಯಂ ಅಲ್ಲಿದೆ. ನೋಡಲೇಬೇಕಾದ ಜಾಗಗಳೇ. ಆದರೆ ನಿಂತ ಕಾರುಗಳಿಗಿಂತ ಕಾರು ಓಡಿದ ರಸ್ತೆಗಳ ಮೇಲೆ ನನಗೆ ಆಸೆ ಜಾಸ್ತಿ. ಅದಕ್ಕೇ ನಾನೂ ನನ್ನ ತಮ್ಮನೂ ಮ್ಯಾನ್‌ಹೈಮ್‌ನಲ್ಲಿ ಒಂದು ಚಿಕ್ಕ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಬಾಡಿಗೆಗೆ ತಗೊಂಡೆವು. ಮ್ಯಾನುಯಲ್ ಗೇರೇ ಬೇಕು ಎಂದು ಕೇಳಿ ಪಡೆದೆವು. ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಗೆ. ಮೊದಮೊದಲು ಎಡಗೈ ಸುಮ್ನೆ ಬಾಗಿಲ ಕಡೆ ಹೋಗುತ್ತಿತ್ತು. ಊರು ದಾಟುವಷ್ಟರಲ್ಲಿ ಅಭ್ಯಾಸ ಆಯಿತು.

ನಾವು ಹಿಡಿಯಬೇಕಿದ್ದ ದಾರಿಗೆ ಬರ್ತಾ ಬೆಂಜ್ ಅವರ ಹೆಸರಿದೆ. 1888ರ ಆಗಸ್ಟ್‌ನಲ್ಲಿ ಅವರು ಮ್ಯಾನ್‌ಹೈಮ್‌ನಿಂದ ತಮ್ಮ ತವರೂರು ಫೋರ್ಟ್ಸ್‌ಹೈಮ್‌ಗೆ ಕಾರಿನಲ್ಲಿ ಹೋದರು. ಸುಮಾರು 100 ಕಿಲೋಮೀಟರ್. ಕಾರಿನಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ. ಗಂಡ ಕಾರ್ಲ್ ಬೆಂಜ್ 1886ರ ಜನವರಿ 29ರಂದು ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಗಾಡಿ ತಯಾರಿತ್ತು, ಕೊಳ್ಳುವವರು ಮಾತ್ರ ಮುಂದೆ ಬರುತ್ತಿರಲಿಲ್ಲ. ಬರ್ತಾ ಒಂದು ದಿನ ಬೆಳಗಿನ ಜಾವ ಗಂಡನಿಗೆ ಹೇಳದೆ, 15 ವರ್ಷದ ಯೂಗೆನ್ ಮತ್ತು 13 ವರ್ಷದ ರಿಚರ್ಡ್ ಇಬ್ಬರನ್ನೂ ಕೂರಿಸಿಕೊಂಡು ಹೊರಟುಬಿಟ್ಟರು.

ಈಗ ಅದೇ ದಾರಿಗೆ ಉದ್ದಕ್ಕೂ ಫಲಕಗಳಿವೆ. ಹೋಗುವ ಬರುವ ಎರಡೂ ದಾರಿ ಸೇರಿ 194 ಕಿಲೋಮೀಟರ್. 2008ರಲ್ಲಿ ಇದನ್ನು ಅಧಿಕೃತವಾಗಿ ಗುರುತಿಸಿದರು. ಮ್ಯಾನ್‌ಹೈಮ್‌ನ ಹಳೇ ಊರಿನಲ್ಲಿ ರಸ್ತೆಗಳಿಗಿಂತ ಚೌಕಗಳಿಗೇ ಹೆಸರು. ವಿಳಾಸ ಎಂದರೆ ಒಂದು ಅಕ್ಷರ, ಒಂದು ಅಂಕೆ. ತಮ್ಮ ಮ್ಯಾಪ್ ಹಿಡಿದು ಕೂತಿದ್ದ. "ಅಣ್ಣಾ, ನೇರ ಹೋಗು, ಈ ಊರಲ್ಲಿ ಎಲ್ಲಾ ತಿರುವೂ ಒಂದೇ ಥರ ಇದೆ" ಎಂದ. ನಿಜ. ಆದರೆ ನದಿ ದಾಟಿ ಲಾಡೆನ್‌ಬುರ್ಗ್ ಕಡೆ ತಿರುಗಿದ ಮೇಲೆ ರಸ್ತೆ ತನ್ನ ಗುಣ ತೋರಿಸುತ್ತದೆ.

ಲಾಡೆನ್‌ಬುರ್ಗ್‌ನಲ್ಲಿ ಬೆಂಜ್ ದಂಪತಿ ಕೊನೆಯ ವರ್ಷಗಳನ್ನು ಕಳೆದರು. ಅವರ ಮಕ್ಕಳ ಹಳೇ ಕಾರ್ಖಾನೆ ಈಗ ಮ್ಯೂಸಿಯಂ. ಅಲ್ಲಿ ಪೇಟೆಂಟ್ ಗಾಡಿಯ ಹಿಂಭಾಗ ನೋಡಿದರೆ ಮೊದಲು ಕಾಣುವುದು ಅಡ್ಡಲಾಗಿ ಮಲಗಿಸಿದ ದೊಡ್ಡ ಫ್ಲೈವೀಲ್, ಅಂದರೆ ಎಂಜಿನ್ ಒಂದೇ ಸಮನೆ ತಿರುಗಲು ನೆರವಾಗುವ ಭಾರದ ಚಕ್ರ. ಅದನ್ನು ಕೈಯಿಂದ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡಬೇಕಿತ್ತು. 1886ರ ಗಾಡಿಯಲ್ಲಿ ಒಂದೇ ಸಿಲಿಂಡರ್, 954 ಸಿಸಿ, ಮುಕ್ಕಾಲು ಅಶ್ವಶಕ್ತಿ. ವೇಗ ಗಂಟೆಗೆ 16 ಕಿಲೋಮೀಟರ್. ಸ್ಟೀರಿಂಗ್ ಚಕ್ರ ಇಲ್ಲ, ಒಂದು ಹಿಡಿಕೆ ಅಷ್ಟೇ. ಬರ್ತಾ ಓಡಿಸಿದ್ದು ಅದರ ಮುಂದಿನ ಮಾದರಿ. ಸ್ವಲ್ಪ ಸುಧಾರಿಸಿತ್ತು, ಆದರೆ ಜಾತಿ ಅದೇ.

ಆ ಗಾಡಿಯ ಎದುರು ನಾನು ತುಂಬಾ ಹೊತ್ತು ನಿಂತೆ. ಕಾರಿನ ಬಗ್ಗೆ ಮಾತು ಬಂದಾಗೆಲ್ಲ ನಾವು ಕಟ್ಟಿದವರ ಹೆಸರು ಹೇಳುತ್ತೇವೆ. ಓಡಿಸಿ ನೋಡಿ, ಎಲ್ಲಿ ಸೋಲುತ್ತದೆ ಎಂದು ತಿಳಿದು ಬಂದು ಹೇಳಿದವರ ಹೆಸರು ಹೇಳುವುದು ಕಡಿಮೆ. ನನ್ನ ಮಟ್ಟಿಗೆ ಕಾರು ಹುಟ್ಟಿದ್ದು ಪೇಟೆಂಟ್ ಕಾಗದದ ಮೇಲೆ ಮಾತ್ರವಲ್ಲ, ಈ ರಸ್ತೆಯ ಮೇಲೂ ಹೌದು.

ಹೈಡೆಲ್‌ಬರ್ಗ್ ದಾಟಿ ವೀಸ್ಲೋಖ್‌ಗೆ ಬಂದೆವು. ಬರ್ತಾ ಅವರ ಗಾಡಿಗೆ ಬೇರೆ ಟ್ಯಾಂಕ್ ಇರಲಿಲ್ಲ. ಇಂಧನವನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್‌ನಲ್ಲೇ ಸುಮಾರು ನಾಲ್ಕೂವರೆ ಲೀಟರ್ ಇಂಧನ ಹಿಡಿಯುತ್ತಿತ್ತು, ಅಷ್ಟೇ. ಪೆಟ್ರೋಲ್ ಬಂಕ್ ಎಂಬುದೇ ಆಗ ಇರಲಿಲ್ಲ. ಲಿಗ್ರೋಯಿನ್ ಎಂಬ, ಕಲೆ ತೆಗೆಯಲು ಬಳಸುವ ದ್ರವ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ವೀಸ್ಲೋಖ್‌ನ ಔಷಧಿ ಅಂಗಡಿಯಲ್ಲಿ ಅವರು ಅದನ್ನು ಕೊಂಡರು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಇದೇ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂಗಡಿಯ ಮುಂದೆ ಸ್ಮಾರಕವೂ ಇದೆ.

ದಾರಿಯಲ್ಲಿ ಅವರು ಮಾಡಿದ ರಿಪೇರಿಗಳನ್ನು ಕಾರುಪ್ರಿಯರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ ಚುಚ್ಚಿ ಬಿಡಿಸಿದರು. ಇಗ್ನಿಷನ್ ತಂತಿಯ ಹೊದಿಕೆ ಹೋದಾಗ ಕಾಲುಚೀಲದ ಪಟ್ಟಿ ಸುತ್ತಿದರು. ಬ್ರುಖ್‌ಸಾಲ್‌ನಲ್ಲಿ ಕಮ್ಮಾರನ ಹತ್ತಿರ ಚೈನ್ ಸರಿ ಮಾಡಿಸಿದರು. ಎಂಜಿನ್ ತಂಪು ಮಾಡುವ ನೀರು ಆವಿಯಾಗಿ ಹೋಗುತ್ತಿತ್ತು, ಹಾಗಾಗಿ ನೀರು ಕಂಡಲ್ಲೆಲ್ಲ ತುಂಬಿಸಬೇಕು. ಈ ಕಥೆಗಳನ್ನು ಸಾಮಾನ್ಯವಾಗಿ ಹೆಂಗಸಿನ ಜಾಣತನ ಎಂದು ಮೆಚ್ಚಿ ಮುಗಿಸುತ್ತಾರೆ. ನನಗೆ ಅದು ಸಾಲದು ಅನಿಸುತ್ತದೆ. ತೊಂದರೆ ಕೊಳವೆಯಲ್ಲಿದೆಯೋ ತಂತಿಯಲ್ಲಿದೆಯೋ ಎಂದು ತಿಳಿಯದೆ ಪಿನ್ ಎಲ್ಲಿ ಚುಚ್ಚುವುದು? ಅವರಿಗೆ ಯಂತ್ರ ಗೊತ್ತಿತ್ತು. ಮದುವೆಗೆ ಮುಂಚೆಯೇ ತಮ್ಮ ಪಾಲಿನ ಹಣವನ್ನು ಕಾರ್ಲ್ ಅವರ ಕೆಲಸಕ್ಕೆ ಹಾಕಿದವರು, ಗಾಡಿ ಬೆಳೆದದ್ದನ್ನು ಹತ್ತಿರದಿಂದ ಕಂಡವರು.

ಬ್ರುಖ್‌ಸಾಲ್ ಕಳೆದು ದಕ್ಷಿಣಕ್ಕೆ ಹೋದಂತೆ ಏರು ಶುರುವಾಗುತ್ತದೆ. ನಮ್ಮ ಹ್ಯಾಚ್‌ಬ್ಯಾಕ್‌ಗೆ ಇದು ಏರು ಅಂತಲೇ ಅನಿಸುವುದಿಲ್ಲ. ನಾಲ್ಕನೇ ಗೇರಿನಲ್ಲಿ ಹತ್ತಿಬಿಡುತ್ತದೆ. ವಿಲ್ಫರ್ಡಿಂಗೆನ್ ಹತ್ತಿರ ನಾನು ಬೇಕೆಂದೇ ನಿಧಾನ ಮಾಡಿದೆ. ಎಂಜಿನ್ ಸಣ್ಣಗೆ ನಡುಗಿತು, ಆಕ್ಸಿಲರೇಟರ್ ಒತ್ತಿದರೂ ಎಳೆಯಲಿಲ್ಲ. ಮೂರಕ್ಕೆ ಇಳಿಸಿದೆ, ಉಸಿರು ಬಂತು. ಬರ್ತಾ ಅವರ ಗಾಡಿಯಲ್ಲಿ ಇಂಥ ಏರಿಗೆ ಸಾಲುವ ಗೇರ್ ಇರಲಿಲ್ಲ. ಏರು ಬಂದಲ್ಲಿ ಗಾಡಿ ತಳ್ಳಬೇಕಾಗಿತ್ತು. ಅವರು ಹಿಂದಿರುಗಿದ ಮೇಲೆ ಕಾರ್ಲ್ ಬೆಂಜ್ ಏರಿಗೆಂದೇ ಇನ್ನೊಂದು ಗೇರ್ ಸೇರಿಸಿದರು. ನಾವು ಯೋಚಿಸದೆ ಹಾಕುವ ಒಂದನೇ ಗೇರು ಹೀಗೆ ರಸ್ತೆಯಿಂದ ಕಾರ್ಖಾನೆಗೆ ಹೋದ ಮಾತು. ಅದು ನೆನಪಾದಾಗ ನನಗೆ ನಿಜಕ್ಕೂ ಖುಷಿ ಆಯಿತು.

ಫೋರ್ಟ್ಸ್‌ಹೈಮ್‌ನಲ್ಲಿ ಹೆಚ್ಚು ನಿಲ್ಲಲಿಲ್ಲ. ಆಭರಣ ತಯಾರಿಕೆಗೆ ಹೆಸರಾದ ಊರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಹಳೇ ಊರು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಬರ್ತಾ ಅವರು ಅಂದು ಸಂಜೆ ಇಲ್ಲಿ ತಲುಪಿ ಗಂಡನಿಗೆ ಟೆಲಿಗ್ರಾಂ ಕಳಿಸಿದ್ದರು.

ಹಿಂದಿರುಗುವ ದಾರಿ ಬೇರೆ. ಬೌಶ್ಲೋಟ್ ಎಂಬ ಹಳ್ಳಿಯ ಮೂಲಕ ಹೋಗುತ್ತದೆ. ನನಗೆ ಇಡೀ ದಾರಿಯಲ್ಲಿ ಇಷ್ಟವಾದ ಜಾಗ ಇದು. ಇಳಿಜಾರುಗಳಲ್ಲಿ ಬರ್ತಾ ಅವರ ಗಾಡಿಯ ಮರದ ಬ್ರೇಕ್ ಸವೆದು ಹೋಗಿತ್ತು. ಚಮ್ಮಾರನ ಹತ್ತಿರ ಬ್ರೇಕ್‌ನ ಮರದ ತುಂಡಿಗೆ ಚರ್ಮ ಹೊಡೆಸಿದ್ದು ಈ ಊರಿನಲ್ಲಿ ಎನ್ನುತ್ತಾರೆ. ಇಂದು ಗ್ಯಾರೇಜಿಗೆ ಹೋಗಿ ಬ್ರೇಕ್ ಪ್ಯಾಡ್ ಬದಲಿಸಿ ಎಂದು ಹೇಳುವ ಪ್ರತಿಯೊಬ್ಬರೂ ಆ ಚರ್ಮದ ಋಣದಲ್ಲಿದ್ದೇವೆ. ಕಾರುಪ್ರಿಯರ ಮಾತಿನಲ್ಲಿ ಯಾವಾಗಲೂ ಅಶ್ವಶಕ್ತಿಯದೇ ಅಬ್ಬರ, ಅಲ್ವಾ? ಬ್ರೇಕ್ ಬಗ್ಗೆ ಮಾತಾಡುವವರು ಸಿಕ್ಕರೆ ಅವರು ಇಳಿಜಾರಿನಲ್ಲಿ ಓಡಿಸಿದವರು ಅಂತ ತಿಳಿಯಬಹುದು.

ಹಾಕೆನ್‌ಹೈಮ್‌ನ ರೇಸ್ ಟ್ರ್ಯಾಕ್ ಪಕ್ಕದಲ್ಲಿ ಹಾದು, ಮಾರನೆಯ ದಿನ ನ್ಯೂರ್‌ಬರ್ಗ್‌ರಿಂಗ್‌ಗೆ ಹೋಗಲು ಎ61 ಹೆದ್ದಾರಿ ಹಿಡಿದೆವು. ಈ ಆಟೊಬಾನ್ (ಜರ್ಮನಿಯ ವೇಗದ ಹೆದ್ದಾರಿ) ಕೊಬ್ಲೆನ್ಸ್ ಕಡೆಗೆ, ಐಫೆಲ್ ಬೆಟ್ಟಗಳ ಅಂಚಿಗೆ ಕರೆದೊಯ್ಯುತ್ತದೆ. ಆಟೊಬಾನ್ ಎಂದರೆ ವೇಗಕ್ಕೆ ಮಿತಿಯೇ ಇಲ್ಲ ಎಂದು ಹಲವರು ನಂಬಿದ್ದಾರೆ. ಮಿತಿ ಇರುವ ಭಾಗಗಳು ಬೇಕಾದಷ್ಟಿವೆ. ಇಲ್ಲದ ಕಡೆಯೂ ಗಂಟೆಗೆ 130 ಕಿಲೋಮೀಟರ್ ಎಂಬುದು ಸಲಹೆಯ ವೇಗ. ಅದಕ್ಕಿಂತ ಜಾಸ್ತಿ ಹೋಗುತ್ತಿದ್ದಾಗ ಅಪಘಾತವಾದರೆ, ತಪ್ಪು ಬೇರೆಯವರದಾದರೂ ಹೊಣೆಯಲ್ಲಿ ಪಾಲು ಬರಬಹುದು.

ಮಿತಿ ಮುಗಿದ ಫಲಕ ಬಂದಾಗ ನಾನೂ ವೇಗ ಹೆಚ್ಚಿಸಿದೆ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆಯದು. ಎಲ್ಲರೂ ಬಲ ಲೇನ್‌ನಲ್ಲಿ ಇರುತ್ತಾರೆ. ಹಿಂದೆ ಹಾಕಲು ಮಾತ್ರ ಎಡಕ್ಕೆ ಬರುತ್ತಾರೆ, ಮುಗಿದ ಕೂಡಲೇ ಬಲಕ್ಕೆ ಮರಳುತ್ತಾರೆ. ಬಲಗಡೆಯಿಂದ ಹಿಂದೆ ಹಾಕುವ ಹಾಗಿಲ್ಲ. ಎಡಕ್ಕೆ ಬರುವ ಮುಂಚೆ ಕನ್ನಡಿಯಲ್ಲಿ ಎರಡು ಸಲ ನೋಡಬೇಕು. ದೂರದ ಚುಕ್ಕೆ ಎರಡನೇ ನೋಟಕ್ಕೆ ಪೂರ್ತಿ ಕಾರಾಗಿರುತ್ತದೆ. ಒಂದು ಕಡೆ ವಾಹನಗಳು ನಿಂತವು. ಯಾರೂ ಹೇಳದೆ ಎಡ ಲೇನ್‌ನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದರು. ನಡುವೆ ಆಂಬ್ಯುಲೆನ್ಸ್‌ಗೆ ದಾರಿ ಆಯಿತು. ಈ ದೇಶದ ಕಾರು ಸಂಸ್ಕೃತಿ ನನಗೆ ಸರಿಯಾಗಿ ಕಂಡದ್ದು ಅಲ್ಲಿ. ಒಬ್ಬರು ಗಂಟೆಗೆ 200 ಕಿಲೋಮೀಟರ್ ಹೋಗಬಹುದಾದರೆ, ಅದು ಉಳಿದವರೆಲ್ಲ ತಮ್ಮ ಲೇನ್‌ನಲ್ಲಿ ಎಚ್ಚರವಾಗಿ ಇರುವುದರಿಂದ. ಇನ್ನೊಂದು ಲೆಕ್ಕ: 130ರಿಂದ ನಿಲ್ಲಿಸುವುದಕ್ಕೆ ಹೋಲಿಸಿದರೆ 200ರಿಂದ ನಿಲ್ಲಿಸಲು ಬ್ರೇಕ್‌ಗಳು ಎರಡೂ ಕಾಲು ಪಟ್ಟಿಗಿಂತ ಜಾಸ್ತಿ ಶಕ್ತಿಯನ್ನು ಬಿಸಿಯಾಗಿ ಕಳೆಯಬೇಕು. ಬೌಶ್ಲೋಟ್‌ನ ಚರ್ಮ ಇಲ್ಲೂ ನೆನಪಾಯಿತು.

ನ್ಯೂರ್‌ಬರ್ಗ್ ಹಳ್ಳಿಗೆ ಬಂದರೆ ಕಾಡಿನ ನಡುವಿನಿಂದ ಟೈರ್ ಸದ್ದು ಕೇಳುತ್ತದೆ. 1927ರಲ್ಲಿ ತೆರೆದ ರೇಸ್ ಟ್ರ್ಯಾಕ್ ನ್ಯೂರ್‌ಬರ್ಗ್‌ರಿಂಗ್ ಇದು. ಇದರ ಉತ್ತರ ಸುತ್ತು, ನೋರ್ಡ್‌ಶ್ಲೈಫೆ, 20.8 ಕಿಲೋಮೀಟರ್ ಉದ್ದ. ಎತ್ತರಕ್ಕೂ ತಗ್ಗಿಗೂ ಸುಮಾರು 300 ಮೀಟರ್ ವ್ಯತ್ಯಾಸ. ರೇಸರ್ ಜಾಕಿ ಸ್ಟೀವರ್ಟ್ ಇದನ್ನು ಹಸಿರು ನರಕ ಎಂದು ಕರೆದರು. ಗೊತ್ತು ಮಾಡಿದ ದಿನಗಳಲ್ಲಿ ಹಣ ಕೊಟ್ಟು ಯಾರು ಬೇಕಾದರೂ ಇಲ್ಲಿ ಕಾರು ಓಡಿಸಬಹುದು. ಆಗ ಇದು ಒಮ್ಮುಖ ಸಂಚಾರದ ಸುಂಕದ ರಸ್ತೆ ಇದ್ದ ಹಾಗೆ. ಸಮಯ ಅಳೆಯುವ ಹಾಗಿಲ್ಲ. ಹಿಂದೆ ಹಾಕುವುದು ಎಡದಿಂದ ಮಾತ್ರ. ತಡೆಗೋಡೆಗೆ ಗುದ್ದಿದರೆ ಅದರ ಖರ್ಚೂ ನಿಮ್ಮದೇ.

ಬಾಡಿಗೆ ಕಾರಿನ ಕರಾರಿನಲ್ಲಿ ಟ್ರ್ಯಾಕ್‌ಗೆ ಅನುಮತಿ ಇರಲಿಲ್ಲ. ಹಾಗಾಗಿ ಇಲ್ಲಿಗೆಂದೇ ಕಾರು ಕೊಡುವವರ ಹತ್ತಿರ ಒಂದನ್ನು ಪಡೆದೆ. ಪಕ್ಕದಲ್ಲಿ ಹೇಳಿಕೊಡುವವರು ಕೂತರು. ಪ್ರವೇಶದ ಹತ್ತಿರದ ಪಾರ್ಕಿಂಗ್‌ನಲ್ಲಿ ಹಳೇ ಹ್ಯಾಚ್‌ಬ್ಯಾಕ್ ಪಕ್ಕದಲ್ಲಿ ಹೊಸ ಪೋರ್ಷೆ. ಮಾತು ಮಾತ್ರ ಒಂದೇ. ಟೈರಿನ ಗಾಳಿ ಎಷ್ಟು, ಬ್ರೇಕ್ ಆಯಿಲ್ ಯಾವುದು, ಯಾವ ತಿರುವಿನಲ್ಲಿ ರಸ್ತೆ ಒದ್ದೆ ಇದೆ. ಕಾರಿನ ಬೆಲೆ ಕೇಳಿದವರು ಒಬ್ಬರೂ ಇಲ್ಲ. ಈ ಗುಂಪಿನಲ್ಲಿ ನನಗೆ ತುಂಬಾ ಹಾಯ್ ಅನಿಸಿತು.

ಮೊದಲ ತಿರುವಿಗೆ ಸಬೀನ್ ಶ್ಮಿಟ್ಸ್ ಅವರ ಹೆಸರಿದೆ. ಈ ಊರಿನ ಸುತ್ತಮುತ್ತಲೇ ಬೆಳೆದು, 1996 ಮತ್ತು 1997ರಲ್ಲಿ ಇಲ್ಲಿನ 24 ಗಂಟೆಗಳ ರೇಸ್ ಗೆದ್ದವರು. 2021ರಲ್ಲಿ ತೀರಿಕೊಂಡರು. ವೇಗದ ಕಾರನ್ನು ಟ್ಯಾಕ್ಸಿಯಾಗಿ ಓಡಿಸಿ ಎಷ್ಟೋ ಜನರಿಗೆ ಈ ಟ್ರ್ಯಾಕ್ ತೋರಿಸಿದವರು. ಆಮೇಲೆ ಫುಕ್ಸ್‌ರೋರೆ ಎಂಬ ಇಳಿಜಾರು. ಕೆಳಗೆ ಮುಟ್ಟಿದಾಗ ಸಸ್ಪೆನ್ಷನ್ ಪೂರ್ತಿ ಕುಗ್ಗಿ, ನಮ್ಮ ಮೈಯೇ ಭಾರ ಅನಿಸುತ್ತದೆ. ಪಕ್ಕದವರು ಹೇಳುತ್ತಿದ್ದುದು ಒಂದೇ: ದೂರ ನೋಡಿ, ಇನ್ನೂ ದೂರ ನೋಡಿ. ಕರುಸೆಲ್ ತಿರುವಿನ ಕಾಂಕ್ರೀಟ್ ಮೇಲೆ ಸ್ಟೀರಿಂಗ್ ಕೈಯಲ್ಲಿ ದಡದಡ ಎಂದಿತು. ಒಳಗಿನ ಚರಂಡಿಗೆ ಚಕ್ರ ಇಳಿಸಿ ತಿರುಗುವ ವಿದ್ಯೆಯನ್ನು ಹಳೇ ಕಾಲದ ರೇಸರ್ ರುಡಾಲ್ಫ್ ಕರಾಚ್ಚಿಯೋಲ ತೋರಿಸಿದರು, ಕಾಂಕ್ರೀಟ್ ಆಮೇಲೆ ಬಂತು ಎನ್ನುತ್ತಾರೆ. ತಿರುವಿಗೆ ಅವರದೇ ಹೆಸರು.

ಕರುಸೆಲ್‌ಗಿಂತ ಮುಂಚೆ ಬರುವ ಬೆರ್ಗ್‌ವೆರ್ಕ್ ಹತ್ತಿರ ಮಾತ್ರ ಮನಸ್ಸು ಭಾರವಾಗಿತ್ತು. 1976ರ ಆಗಸ್ಟ್ 1ರಂದು ಫಾರ್ಮುಲಾ ಒನ್ ರೇಸರ್ ನಿಕಿ ಲೌಡಾ ಅವರ ಕಾರು ಹೊತ್ತಿಕೊಂಡದ್ದು ಈ ಭಾಗದಲ್ಲೇ. ಇಷ್ಟು ಉದ್ದದ ಟ್ರ್ಯಾಕ್‌ನಲ್ಲಿ ಸಹಾಯ ಬೇಗ ತಲುಪುವುದಿಲ್ಲ, ಇಲ್ಲಿ ರೇಸ್ ಬೇಡ ಎಂದು ಲೌಡಾ ಮೊದಲೇ ಹೇಳಿದ್ದರು. ಒಪ್ಪಿಗೆ ಸಿಗಲಿಲ್ಲ. ಅವರನ್ನು ಬೆಂಕಿಯಿಂದ ಎಳೆದವರು ಜೊತೆಗಿದ್ದ ರೇಸರ್‌ಗಳು. ಅದಾದ ಮೇಲೆ ಫಾರ್ಮುಲಾ ಒನ್ ನೋರ್ಡ್‌ಶ್ಲೈಫೆಗೆ ಬರಲಿಲ್ಲ. ಓಡಿಸುವವರ ಮಾತನ್ನು ಬರ್ತಾ ಅವರ ಮನೆಯಲ್ಲಿ ಕೇಳಿದರು, ಒಂದು ಗೇರು ಬಂತು. ಇಲ್ಲಿ ಕೇಳಲಿಲ್ಲ.

ಸುತ್ತು ಮುಗಿಸಿ ಬಂದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಡಿ ಎಂದರು ಪಕ್ಕದವರು. ಕಾದ ಬ್ರೇಕ್ ಹಾಗೆ ಹಿಡಿದುಕೊಂಡರೆ ಹಾಳಾಗಬಹುದು. ಗೇರಿನಲ್ಲೇ ನಿಲ್ಲಿಸಿದೆ. ತಮ್ಮ ಬಂದು ಚಕ್ರದ ಹತ್ತಿರ ಕೈ ಹಿಡಿದು, "ಅಣ್ಣಾ, ಎಷ್ಟು ಬಿಸಿ ಇದೆ!" ಎಂದ. ಕಾರಿನ ವಿಷಯದಲ್ಲಿ ಆಸಕ್ತಿಯೇ ಇಲ್ಲದವನು ಅಂದು ಸಂಜೆಯೆಲ್ಲ ಬ್ರೇಕ್ ಬಗ್ಗೆ ಪ್ರಶ್ನೆ ಕೇಳಿದ.

ನೀವೂ ಹೋಗುವುದಾದರೆ ಬರ್ತಾ ಬೆಂಜ್ ದಾರಿಯನ್ನು ಮೊದಲು ಮುಗಿಸಿ, ಬರುವ ದಾರಿಯನ್ನೂ ಬಿಡಬೇಡಿ. ಆಮೇಲೆ ನೋರ್ಡ್‌ಶ್ಲೈಫೆ. ಅಲ್ಲಿಯೂ ಟಿಕೆಟ್ ಕೊಳ್ಳುವ ಮುಂಚೆ ಬ್ರೂನ್‌ಶೆನ್ ಎಂಬಲ್ಲಿ ಬೇಲಿಯ ಪಕ್ಕ ನಿಂತು, ಬೇರೆಯವರು ಬ್ರೇಕ್ ಎಲ್ಲಿ ಒತ್ತುತ್ತಾರೆ ಎಂದು ಸ್ವಲ್ಪ ಹೊತ್ತು ನೋಡಿ. ವಾರಾಂತ್ಯದಲ್ಲಿ ಗದ್ದಲ ಜಾಸ್ತಿ. ವಾರದ ನಡುವಿನ ಸಂಜೆ ಒಳ್ಳೆಯದು.