ಗೇರೆಲ್ಲ ಹಬ್‌ನ ಹೊಟ್ಟೆಯೊಳಗೆ: 400 ಕಿಲೋಮೀಟರ್ ಆದಮೇಲೆ

ಮೊದಲ ವಾರ

ಹಳೇ ಸ್ಟೀಲ್ ಸೈಕಲ್ಲಿನ ಡೀರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸಿ ಗೇರು ಬದಲಿಸುವ ಸಾಧನ) ಬಿಚ್ಚಿ ಪಕ್ಕಕ್ಕಿಟ್ಟೆ. ಕೆಟ್ಟಿತ್ತು ಅಂತಲ್ಲ. ಪ್ರತಿ ಮಳೆ ಆದಮೇಲೂ ಬ್ರಷ್ ಹಿಡಿದು ಚೈನು, ಹಲ್ಲುಚಕ್ರಗಳನ್ನೆಲ್ಲ ಉಜ್ಜಿ ಉಜ್ಜಿ ಸಾಕಾಗಿತ್ತು. ಅದರ ಜಾಗಕ್ಕೆ ಶಿಮಾನೋ ಕಂಪನಿಯ ನೆಕ್ಸಸ್ 8 ಹಬ್, ಅಂದರೆ ಹಿಂದಿನ ಚಕ್ರದ ನಡುವಿನ ಗುಂಬ, ಬಂದಿದೆ. ಎಂಟೂ ಗೇರು ಒಳಗೇ. ಹೊರಗೆ ಕಾಣುವುದು ಮುಂದೊಂದು ಹಲ್ಲುಚಕ್ರ, ಹಿಂದೊಂದು, ನಡುವೆ ನೇರವಾಗಿ ಓಡುವ ಚೈನು. ದೂರದಿಂದ ನೋಡಿದರೆ ಗೇರೇ ಇಲ್ಲದ ಸೈಕಲ್ಲು.

ಹಬ್ಬನ್ನು ಕೈಗೆತ್ತಿಕೊಂಡಾಗ ಮೊದಲು ಗೊತ್ತಾಗಿದ್ದು ತೂಕ. ಅದೊಂದೇ ಹೆಚ್ಚುಕಡಿಮೆ 2 ಕೆಜಿ. ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗಲ್ಲ. ಆದರೆ ಸೈಕಲ್ ಹೊತ್ತು ಮೆಟ್ಟಿಲು ಹತ್ತಿದರೆ ಹಿಂಭಾಗ ಕೆಳಕ್ಕೆ ಜಗ್ಗುತ್ತದೆ. ದಿನಾ ಮಹಡಿಗೆ ಹೊರುವವರು ಇದನ್ನು ಮೊದಲೇ ಯೋಚಿಸಿ.

ಚಕ್ರ ಕಟ್ಟುವಾಗ ಮಾತ್ರ ಖುಷಿಯಾಯಿತು. ಡೀರೈಲರ್ ಚಕ್ರದಲ್ಲಿ ಬಲಗಡೆ ಸ್ಪೋಕುಗಳು ಬಿಗಿ, ಎಡಗಡೆ ಸಡಿಲ. ಇಲ್ಲಿ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಬಿಗಿ. ಬೆಂಡ್ ತೆಗೆಯುವುದು ಸಲೀಸು, ಚಕ್ರವೂ ಗಟ್ಟಿ.

ಒಳಗೆ ಏನಾಗುತ್ತೆ?

ಹಿಂದೊಮ್ಮೆ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಎಡಬ್ಲ್ಯೂ ಹಬ್ ಬಿಚ್ಚಿದ್ದೆ. 1936ರ ವಿನ್ಯಾಸ ಅದು. ನಡುವೆ ಆಕ್ಸಲ್‌ಗೇ ಅಂಟಿದ 20 ಹಲ್ಲಿನ ಗೇರು, ಅದು ತಿರುಗುವುದಿಲ್ಲ. ಅದರ ಸುತ್ತ ಓಡಾಡುವ ಪುಟ್ಟ ಗೇರುಗಳು, ಅವನ್ನು ಹಿಡಿದಿರುವ ಒಂದು ಪಂಜರ. ಎಲ್ಲದರ ಹೊರಗೆ, ಹಲ್ಲುಗಳು ಒಳಮುಖವಾಗಿರುವ 60 ಹಲ್ಲಿನ ಬಳೆ. ಚೈನು ಬಳೆಯನ್ನು ತಿರುಗಿಸಿ, ಪಂಜರ ಚಕ್ರವನ್ನು ತಿರುಗಿಸಿದರೆ ಪೆಡಲ್ ಹಗುರ: 60 ಭಾಗಿಸು 80 (60+20), ಅಂದರೆ ಹಿಂದಿನ ಹಲ್ಲುಚಕ್ರದ ಒಂದು ಸುತ್ತಿಗೆ ಚಕ್ರ 0.75 ಸುತ್ತು. ಅದನ್ನೇ ತಿರುವುಮುರುವು ಮಾಡಿದರೆ 1.33, ವೇಗದ ಗೇರು. ನಡುವಿನದು ನೇರ. ಅಷ್ಟೇ ಕತೆ! ನೆಕ್ಸಸ್‌ನಲ್ಲಿ ಇದೇ ಆಟವನ್ನು ಒಂದರ ಪಕ್ಕ ಒಂದು ಜೋಡಿಸಿದ್ದಾರೆ.

ನೆಕ್ಸಸ್‌ನ ಮೊದಲ ಗೇರು 0.527, ಎಂಟನೆಯದು 1.615. ಮುಂದೆ 42, ಹಿಂದೆ 20 ಹಲ್ಲು ಹಾಕಿದ್ದೇನೆ. ಡೀರೈಲರ್ ಲೆಕ್ಕದಲ್ಲಿ ಹೇಳಬೇಕೆಂದರೆ ಎಂಟನೇ ಗೇರು ಮುಂದೆ 44, ಹಿಂದೆ 13 ಹಲ್ಲು ಇದ್ದ ಹಾಗೆ, ಏರಿಗೆ ಬಳಸುವ ಮೊದಲ ಗೇರು 36ಕ್ಕೆ 32ಕ್ಕಿಂತ ಒಂಚೂರು ಹಗುರ. ನನಗೆ ಧಾರಾಳವಾಯಿತು. ಕಡಿದಾದ ಏರಿನಲ್ಲಿ ಸಾಮಾನು ಹೇರಿಕೊಂಡು ಹೋಗುವವರಿಗೆ ಸಾಲದು.

ಎರಡನೇ ವಾರ: ಕಟ್!

ಐದನೇ ಗೇರಿನಲ್ಲಿ ಎದ್ದು ನಿಂತು ತುಳಿದೆ. ಕಟ್ ಅಂತ ಸದ್ದಾಗಿ ಪೆಡಲ್ ಖಾಲಿ ಹೋಯಿತು, ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಹಬ್ ಹೋಯಿತು ಅಂದುಕೊಂಡೆ. ತಪ್ಪು ನನ್ನದೇ. ನಾಲ್ಕನೇ ಗೇರಿಗೆ ಹಾಕಿ ನೋಡಿದಾಗ ಹಬ್‌ನ ಪಕ್ಕದ ಎರಡು ಹಳದಿ ಗೆರೆಗಳು ನೇರಕ್ಕೆ ಬರಬೇಕು. ನನ್ನದರಲ್ಲಿ ಒಂದು ಕೂದಲೆಳೆ ಆಚೆಗಿತ್ತು. ಗೇರಿನ ಹೊಸ ಕೇಬಲ್ ಎಳೆದು ಸಡಿಲವಾಗಿತ್ತು, ಮತ್ತೆ ನೋಡಿರಲಿಲ್ಲ. ಅಡ್ಜಸ್ಟರನ್ನು ಅರ್ಧ ಸುತ್ತು ತಿರುಗಿಸಿದೆ, ಸರಿಹೋಯಿತು. ಹೀಗೇ ಬಿಟ್ಟು ಓಡಿಸಿದ್ದರೆ ಒಳಗಿನ ಹಲ್ಲುಗಳು ಸವೆಯುತ್ತಿದ್ದವು.

ಇನ್ನೊಂದು ಅಭ್ಯಾಸವೂ ಬದಲಾಗಬೇಕು. ಗೇರ್ ಹಾಕುವಾಗ ಕಾಲು ಒಂದು ಕ್ಷಣ ಸಡಿಲ ಬಿಡಬೇಕು. ಡೀರೈಲರ್‌ನಲ್ಲಿ ಗೇರು ಬದಲಾಗಲು ಪೆಡಲ್ ತಿರುಗುತ್ತಿರಲೇಬೇಕು. ಇಲ್ಲಿ ಬೇಕಿಲ್ಲ, ನಿಂತಲ್ಲೇ ಬದಲಾಗುತ್ತದೆ. ಎಂಟರಲ್ಲಿ ಬಂದು ಥಟ್ಟನೆ ಬ್ರೇಕ್ ಹಾಕಿದರೂ ನಿಂತಲ್ಲೇ ಎರಡಕ್ಕೆ ಇಳಿಸಿ ಹೊರಡಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ.

ಹಿಡಿಸದ್ದು? ಗೇರಿನಿಂದ ಗೇರಿಗೆ ಹೆಜ್ಜೆಗಳು ಸಮವಾಗಿಲ್ಲ. ಮೂರರಿಂದ ನಾಲ್ಕಕ್ಕೆ ಶೇ 14ರಷ್ಟು ಏರಿಕೆ, ಐದರಿಂದ ಆರಕ್ಕೆ ಶೇ 22. ಎದುರುಗಾಳಿಯಲ್ಲಿ ಐದು ಹಗುರ, ಆರು ಭಾರ, ನಡುವೆ ಏನೂ ಇಲ್ಲ. ಐದನೆಯದು ನೇರ ಗೇರು, ನಯವಾಗಿ ಓಡುತ್ತದೆ. ಕೆಳಗಿನ ಗೇರುಗಳಲ್ಲಿ ಕಾಲಿಗೆ ಒಂಥರಾ ಅರೆಯುವ ಅನುಭವ. ಹಲ್ಲಿಗೆ ಹಲ್ಲು ಉಜ್ಜುವಲ್ಲಿ ಸ್ವಲ್ಪ ಶಕ್ತಿ ಹೋಗುತ್ತದೆ, ಸುಮ್ನೆ ಇಲ್ಲ ಅನ್ನೋಕಾಗಲ್ಲ. ರೊಹ್ಲೋಫ್ ಕಂಪನಿಯ 14 ಗೇರಿನ ಹಬ್‌ನಲ್ಲಿ ಪ್ರತಿ ಹೆಜ್ಜೆಯೂ ಶೇ 13.6ರ ಸುಮಾರು. ಅದರ ಬೆಲೆಯ ಮಾತು ಬೇಡ.

ನಾಲ್ಕನೇ ವಾರ: ಪಂಕ್ಚರ್

ಹಿಂದಿನ ಚಕ್ರವೇ, ಅದೂ ಕತ್ತಲಲ್ಲಿ. ಇಲ್ಲಿ ಚಕ್ರ ಕಳಚಲು ಮೊದಲು ಒಂದನೇ ಗೇರಿಗೆ ಹಾಕಬೇಕು. ಹಬ್‌ನ ಪಕ್ಕದ ರಾಟೆಯಲ್ಲಿ ಒಂದು ತೂತಿದೆ. ಅದಕ್ಕೆ ಕಡ್ಡಿ ತೂರಿಸಿ ತಿರುಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಕೇಬಲ್ ತುದಿಯ ನಟ್ ಬಿಡಿಸಬೇಕು. ಆಮೇಲೆ 15 ಎಂಎಂ ಸ್ಪ್ಯಾನರ್. ಆಮೇಲೆ ಆಕ್ಸಲ್ ತಿರುಗದಂತೆ ಹಿಡಿಯುವ ವಾಷರ್‌ಗಳು, ಎಡಬಲಕ್ಕೆ ಬೇರೆ ಬೇರೆ. ಒಂದು ಹುಲ್ಲಿನಲ್ಲಿ ಉರುಳಿ ಹೋಯಿತು. ಹತ್ತು ನಿಮಿಷ ಟಾರ್ಚ್ ಹಿಡಿದು ತಡಕಾಡಿದೆ.

ಮುಂದಿನ ಸಲ ಚಕ್ರ ಕಳಚುವುದೇ ಇಲ್ಲ. ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬು ಹೊರಗೆಳೆದು ಅಲ್ಲೇ ಪ್ಯಾಚ್ ಹಾಕುತ್ತೇನೆ.

ಇವತ್ತಿಗೆ 400 ಕಿಲೋಮೀಟರ್. ಎರಡು ಮಳೆ ಕಂಡಿದೆ, ಚೈನಿಗೆ ಒಂದೇ ಸಲ ಎಣ್ಣೆ ಬಿಟ್ಟಿದ್ದೇನೆ. ಇನ್ನು ಪೂರ್ತಿ ಮುಚ್ಚುವ ಚೈನ್ ಕವರ್ ಹಾಕಬೇಕು. ಸದ್ಯಕ್ಕೆ ಒಂದು ಹಳೇ ಸ್ಪೋಕ್ ತುಂಡು ಸೀಟಿನ ಕೆಳಗೆ ಕಟ್ಟಿಟ್ಟಿದ್ದೇನೆ, ಆ ತೂತಿಗೆ.